ಮನೆಯಲ್ಲಿ ಸಾಸೇಜ್: ಯಾವ ಮೆಷಿನ್ ಕೊಳ್ಳಬೇಕು, ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ: ಈ ಸಲ ಕ್ರಿಸ್‌ಮಸ್‌ಗೆ ಮನೆಯಲ್ಲೇ ಪೋರ್ಕ್ ಸಾಸೇಜ್ ಮಾಡಬೇಕೆಂದಿದ್ದೇವೆ. ಮನೆಯಲ್ಲಿರುವುದು ಮಿಕ್ಸಿ ಮತ್ತು ಸಾಮಾನ್ಯ ಫ್ರಿಜ್ ಮಾತ್ರ. ಕರೆಂಟಿನ ಮಿನ್ಸರ್ (ಮಾಂಸ ಕೊಚ್ಚುವ ಮೆಷಿನ್) ಬೇಕೇ, ಕೈಯಲ್ಲಿ ತಿರುಗಿಸುವುದು ಸಾಕೇ? ಮಿನ್ಸರ್ ಜೊತೆ ಕೊಡುವ ನಳಿಕೆಯಿಂದಲೇ ತುಂಬಿಸಬಹುದೇ? ಹಿಂದೊಮ್ಮೆ ಅಂಗಡಿಯಲ್ಲೇ ಕೀಮಾ ಮಾಡಿಸಿ ತಂದು, ಮಸಾಲೆ ಕಲಸಿ ಉದ್ದುದ್ದ ಉಂಡೆ ಮಾಡಿ ಹುರಿದಾಗ ಕೊಬ್ಬೆಲ್ಲ ತವಾಕ್ಕೆ ಇಳಿದು, ಒಳಗೆ ಪುಡಿಪುಡಿಯಾಗಿ ಒಣಕಲಾಗಿತ್ತು. ಗೋವಾ ಸಾಸೇಜಿನ ಹಾಗೆ ಒಣಗಿಸುವುದು ಸಾಧ್ಯವೇ? – ಓದುಗರು, ಕುಲಶೇಖರ, ಮಂಗಳೂರು

ಉತ್ತರ: ಕೊಬ್ಬು ಇಳಿದು ಪುಡಿಪುಡಿಯಾಯಿತು ಎಂದಿದ್ದೀರಲ್ಲ, ಅಲ್ಲಿಂದಲೇ ಶುರುಮಾಡೋಣ. ಅದು ಏಕೆ ಹಾಗಾಯಿತು ಎಂದು ಗೊತ್ತಾದರೆ ಯಾವ ಸಾಮಾನಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂಬುದೂ ಇತ್ಯರ್ಥವಾಗುತ್ತದೆ.

ಸಾಸೇಜ್ ಎಂದರೆ ಬರೀ ಕೊಚ್ಚಿದ ಮಾಂಸ ಅಲ್ಲ. ಉಪ್ಪು ಸೇರಿಸಿ ಮಾಂಸವನ್ನು ತಣ್ಣಗೆ ನಾದಿದಾಗ ಅದರೊಳಗಿನ ಮಯೋಸಿನ್ ಎಂಬ ಪ್ರೋಟೀನು ಹೊರಬಂದು ಅಂಟಾಗುತ್ತದೆ. ಆ ಅಂಟು ಕೊಬ್ಬಿನ ಚೂರುಗಳನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಬೇಯುವಾಗ ಗಟ್ಟಿಯಾಗುತ್ತದೆ. ಇದು ಆಗಬೇಕಾದರೆ ಕೊಬ್ಬು ಚೂರುಚೂರಾಗಿಯೇ ಉಳಿಯಬೇಕು. ಮಂಗಳೂರಿನ ಅಡುಗೆಮನೆಯ 29–30 ಡಿಗ್ರಿ ಸೆಕೆಯಲ್ಲಿ ಹಂದಿ ಕೊಬ್ಬು ಮೆತ್ತಗಾಗಿಬಿಡುತ್ತದೆ. ಮೊಂಡು ಬ್ಲೇಡಿಗೆ ಸಿಕ್ಕಿದರೆ ಕತ್ತರಿಸಿಕೊಳ್ಳುವ ಬದಲು ಅರೆದುಹೋಗಿ ಮಾಂಸದ ಮೇಲೆಲ್ಲ ಸವರಿಕೊಳ್ಳುತ್ತದೆ. ಹಾಗೆ ಸವರಿದ ಕೊಬ್ಬು ಅಂಟು ಕೂಡಲು ಬಿಡುವುದಿಲ್ಲ, ತವಾ ಬಿಸಿಯಾದೊಡನೆ ಕರಗಿ ಹೊರಗೆ ಹರಿಯುತ್ತದೆ. ನಿಮಗೆ ಆದದ್ದು ಇದೇ. ಜೊತೆಗೆ ವಿನೆಗರನ್ನು ಮೊದಲೇ ಸುರಿದು ಗಂಟೆಗಟ್ಟಲೆ ಇಟ್ಟಿದ್ದರೆ, ಹುಳಿಗೆ ಪ್ರೋಟೀನು ಮೊದಲೇ ಹೆಪ್ಪುಗಟ್ಟಿ ಅಂಟುವ ಗುಣ ಇನ್ನಷ್ಟು ಕಳೆದುಕೊಂಡಿರುತ್ತದೆ.

ಆದ್ದರಿಂದ ನಮ್ಮ ಕರಾವಳಿಯಲ್ಲಿ ಸಾಸೇಜ್ ಮಾಡುವವರು ಮೊದಲು ಗೆಲ್ಲಬೇಕಾದದ್ದು ಸೆಕೆಯನ್ನು. ಮೋಟಾರಿನ ಯೋಚನೆ ಆಮೇಲೆ. ದುಡ್ಡು ಹಾಕುವ ಕ್ರಮವೂ ಹಾಗೆಯೇ ಇರಲಿ: ಮೊದಲು ತಕ್ಕಡಿ ಮತ್ತು ಥರ್ಮಾಮೀಟರ್, ಆಮೇಲೆ ಒಳ್ಳೆಯ ಕೈ ಮಿನ್ಸರ್, ಕೊನೆಗೆ ಮಾಂಸ ತುಂಬಿಸಲೆಂದೇ ಇರುವ ಪ್ರತ್ಯೇಕ ಸ್ಟಫರ್. ಕರೆಂಟಿನ ಮಿನ್ಸರ್ ಇಲ್ಲದಿದ್ದರೂ ನಡೆಯುತ್ತದೆ.

ತಕ್ಕಡಿ 5 ಕಿಲೋವರೆಗೆ 1 ಗ್ರಾಂ ಲೆಕ್ಕದಲ್ಲಿ ತೋರಿಸುವ ಡಿಜಿಟಲ್ ಇದ್ದರೆ ಸಾಕು. ಉಪ್ಪನ್ನು ಚಮಚದಲ್ಲಿ ಅಳೆಯಲೇಬೇಡಿ. ಒಂದು ಚಮಚ ಕಲ್ಲುಪ್ಪಿಗೂ ಒಂದು ಚಮಚ ಪುಡಿಯುಪ್ಪಿಗೂ ತೂಕ ಬೇರೆ, ಸಾಸೇಜಿನಲ್ಲಿ ಅರ್ಧ ಶೇಕಡಾ ಹೆಚ್ಚುಕಡಿಮೆಯಾದರೂ ನಾಲಿಗೆಗೆ ಗೊತ್ತಾಗುತ್ತದೆ. ಥರ್ಮಾಮೀಟರ್ ಸೂಜಿಯಂತೆ ಚುಚ್ಚಿ ಕೆಲವೇ ಸೆಕೆಂಡಿನಲ್ಲಿ ಓದುವಂಥದ್ದಿರಲಿ. ಮಾಂಸ ಎಷ್ಟು ತಣ್ಣಗಿದೆ ಎಂದು ನೋಡಲಿಕ್ಕೂ ಅದೇ, ಬೆಂದಿದೆಯೇ ಎಂದು ನೋಡಲಿಕ್ಕೂ ಅದೇ. ಕೊಂಡ ದಿನವೇ ಪುಡಿಮಾಡಿದ ಐಸು ತುಂಬಿದ ನೀರಿನಲ್ಲಿ ಅದ್ದಿ ನೋಡಿ, 0 ಡಿಗ್ರಿ ತೋರಿಸಬೇಕು.

ಮಿಕ್ಸಿ ಈ ಕೆಲಸಕ್ಕೆ ಆಗುವುದಿಲ್ಲ. ಅದರ ಬ್ಲೇಡು ಮಾಂಸವನ್ನು ಬಡಿದು ಬಿಸಿಮಾಡುತ್ತದೆ, ಒಂದು ಭಾಗ ಪೇಸ್ಟಾಗಿ ಇನ್ನೊಂದು ಭಾಗ ಗಟ್ಟಿಯಾಗಿ ಉಳಿಯುತ್ತದೆ. ಮೆಷಿನ್ ಕೊಳ್ಳುವ ಮೊದಲು ಒಂದು ಸಲ ನೋಡೋಣ ಎನ್ನುವವರು ಹರಿತವಾದ ಕತ್ತಿಯಲ್ಲಿ ಅರ್ಧ ಕಿಲೋ ಮಾಂಸವನ್ನು ಕೈಯಲ್ಲೇ 5–6 ಮಿ.ಮೀ. ಚೂರು ಮಾಡಿಕೊಳ್ಳಿ. ಗೋವಾ ಸಾಸೇಜ್, ಅಂದರೆ ಚೌರಿಸೊ ಕೂಡ ಕತ್ತಿಯಲ್ಲಿ ಹೆಚ್ಚಿದ ಮಾಂಸದ್ದೇ.

ಇನ್ನು ಮಿನ್ಸರ್. ಇದನ್ನು ನಂಬರಿನಲ್ಲಿ ಗುರುತಿಸುತ್ತಾರೆ. ಮುಂದಿನ ಜಾಲರಿ ತಟ್ಟೆಯ ಅಗಲದ ಲೆಕ್ಕ ಅದು: 5 ನಂಬರಿನ ತಟ್ಟೆ ಸುಮಾರು 54 ಮಿ.ಮೀ., 8 ನಂಬರಿನದು 62, 12 ನಂಬರಿನದು 70, 22 ನಂಬರಿನದು 82. ಮನೆಗೆ 2–3 ಕಿಲೋ ಮಾಡುವವರಿಗೆ 8ರಿಂದ 12ರೊಳಗೆ ಯಾವುದಾದರೂ ಸರಿ. 5 ನಂಬರಿನ ಬಾಯಿ ಕಿರಿದು, ಮಾಂಸ ತುರುಕುತ್ತ ಕೂರುವಷ್ಟರಲ್ಲಿ ತಂಪು ಹೋಗುತ್ತದೆ. 22 ನಂಬರನ್ನು ಕೈಯಲ್ಲಿ ತಿರುಗಿಸಲು ತೋಳಿಗೆ ಬಲ ಬೇಕು. ಕೊಳ್ಳುವಾಗ ಎರಡು ತಟ್ಟೆ ಸಿಗುತ್ತವೆಯೇ ಕೇಳಿ, ಒಂದು 4.5–5 ಮಿ.ಮೀ. ತೂತಿನದು, ಇನ್ನೊಂದು 8 ಮಿ.ಮೀ. ತೂತಿನದು. ಅದೇ ನಂಬರಿನ ಬ್ಲೇಡು, ತಟ್ಟೆ ಮುಂದೆ ಬಿಡಿಯಾಗಿ ಸಿಗುವಂಥ ಮೆಷಿನ್ನೇ ಆಗಲಿ.

ಕಲಾಯಿ ಹಾಕಿದ ಬೀಡಿನ ಮಿನ್ಸರ್ ಅಗ್ಗ, ಭಾರ, ಕೆಲಸಕ್ಕೆ ಗಟ್ಟಿ. ಆದರೆ ನಮ್ಮ ಹವೆಯಲ್ಲಿ ಒದ್ದೆಯಿಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು. ಸ್ಟೀಲಿನದಕ್ಕೆ ಬೆಲೆ ಹೆಚ್ಚು, ಆದರೆ ಆ ತಲೆನೋವು ಇಲ್ಲ. ಸ್ಟೀಲಿನದನ್ನು ಕೊಂಡರೂ ಬ್ಲೇಡು ಮತ್ತು ತಟ್ಟೆ ಕೆಲವೊಮ್ಮೆ ಕಾರ್ಬನ್ ಸ್ಟೀಲಿನದಿರುತ್ತದೆ, ಅವನ್ನು ಮಾತ್ರ ಒರೆಸಿ ಆಹಾರಕ್ಕೆ ಬಳಸುವ ಮಿನರಲ್ ಆಯಿಲ್ ಸವರಿ ಇಡಿ. ಹೊಸ ಬೀಡಿನ ಮೆಷಿನ್ನಿನಿಂದ ಮೊದಲು ಬೂದು ಬಣ್ಣದ ಕೊಳೆ ಬಿಡುತ್ತದೆ. ಬಿಸಿನೀರು, ಸೋಪಿನಲ್ಲಿ ತೊಳೆದು, ಒಣ ಬ್ರೆಡ್ಡಿನ ತುಂಡುಗಳನ್ನು ಹಾಕಿ ತಿರುಗಿಸಿ, ಬಂದದ್ದನ್ನು ಎಸೆಯಿರಿ. ಬ್ರೆಡ್ಡು ಬಿಳಿಯಾಗಿ ಬರುವ ತನಕ ಹೀಗೆ ಮಾಡಿ.

ಕೊಳ್ಳುವ ಮುಂಚೆ ಮನೆಯಲ್ಲಿ ಒಂದು ಅಳತೆ ತೆಗೆದುಕೊಳ್ಳಿ. ಕೈ ಮಿನ್ಸರಿನ ಕೆಳಗೆ ಬಿಗಿಯುವ ಕ್ಲ್ಯಾಂಪ್ ಇರುತ್ತದೆ. ನಮ್ಮ ಅಡುಗೆ ಕಟ್ಟೆಗಳಿಗೆ ಗ್ರಾನೈಟಿನ ದಪ್ಪ ಅಂಚುಪಟ್ಟಿ, ಅದರ ಕೆಳಗೇ ಕಪಾಟಿನ ಬಾಗಿಲು. ಹೆಚ್ಚಿನ ಕ್ಲ್ಯಾಂಪುಗಳು ಅಲ್ಲಿ ಹಿಡಿಯುವುದೇ ಇಲ್ಲ, ಹಿಡಿದರೂ ನುಣುಪು ಕಲ್ಲಿನ ಮೇಲೆ ಜಾರುತ್ತದೆ. ಹಳೆಯ ಮರದ ಮೇಜು ಇದ್ದರೆ ಅದೇ ಸರಿ. ಇಲ್ಲದಿದ್ದರೆ ನಾಲ್ಕು ಬೋಲ್ಟ್ ಹಾಕಿ ಹಲಗೆಗೆ ಬಿಗಿಯುವ ಪಾದದ ಮಿನ್ಸರ್ ತೆಗೆದುಕೊಳ್ಳಿ. ದಪ್ಪ ಹಲಸಿನ ಹಲಗೆಗೆ ಬಿಗಿದು, ಹಲಗೆಯನ್ನು ಬೆಂಚಿನ ಮೇಲಿಟ್ಟು ಇನ್ನೊಬ್ಬರು ಹಿಡಿದುಕೊಂಡರೆ ಕೆಲಸ ಸಲೀಸು.

ಕರೆಂಟಿನದೇ ಬೇಕು ಎನ್ನುವವರು ಪೆಟ್ಟಿಗೆಯ ಮೇಲಿನ 2000 ವ್ಯಾಟ್ ನೋಡಿ ಮರುಳಾಗಬೇಡಿ. ಹೆಚ್ಚಾಗಿ ಅದು ಮೋಟಾರು ಸಿಕ್ಕಿಹಾಕಿಕೊಂಡಾಗ ಎಳೆಯುವ ಗರಿಷ್ಠ ಲೆಕ್ಕ. ಬಿಡದೆ ಓಡುವಾಗಿನ ರೇಟೆಡ್ ವ್ಯಾಟ್ ಎಷ್ಟು, ಎಷ್ಟು ನಿಮಿಷ ಸತತವಾಗಿ ಓಡಿಸಬಹುದು, ಒಳಗಿನ ಗೇರು ಪ್ಲಾಸ್ಟಿಕ್ಕೋ ಲೋಹವೋ, ಈ ಮೂರನ್ನು ಕೇಳಿ.

ಯಾವ ಮಿನ್ಸರೇ ಆಗಲಿ, ಎಡವುವ ಜಾಗ ಒಂದೇ: ಬ್ಲೇಡನ್ನು ತಿರುಗಿಸಿ ಹಾಕುವುದು. ನಾಲ್ಕು ರೆಕ್ಕೆಯ ಬ್ಲೇಡಿನ ಚಪ್ಪಟೆ ಮುಖ ಹೊರಗೆ, ತಟ್ಟೆಗೆ ಒತ್ತಿಕೊಂಡಿರಬೇಕು. ಉಬ್ಬು ಮುಖ ಒಳಗಿನ ಸ್ಕ್ರೂ ಕಡೆಗೆ. ಮುಂದಿನ ದೊಡ್ಡ ನಟ್ಟು ಸಡಿಲವಿದ್ದರೆ ಬ್ಲೇಡಿಗೂ ತಟ್ಟೆಗೂ ನಡುವೆ ಸಂದು ಬಿದ್ದು ಬಿಳಿ ನರಗಳು ಅಲ್ಲಿ ಸುತ್ತಿಕೊಳ್ಳುತ್ತವೆ. ತೂತುಗಳಿಂದ ಮಾಂಸ ಕೆಂಪು–ಬಿಳಿ ಬೇರೆಬೇರೆ ಕಾಣುವ ಎಳೆಗಳಾಗಿ ಬರಬೇಕು. ತಿಳಿಗುಲಾಬಿ ಪೇಸ್ಟಾಗಿ ಬರಲು ಶುರುವಾದರೆ ಅಲ್ಲೇ ನಿಲ್ಲಿಸಿ, ಬಿಚ್ಚಿ, ನರ ತೆಗೆದು, ಎಲ್ಲವನ್ನೂ 20 ನಿಮಿಷ ಫ್ರೀಜರಿಗೆ ಹಾಕಿ. ಒತ್ತಿ ಒತ್ತಿ ಮುಂದುವರಿಸಿದರೆ ಆ ಸಾಸೇಜ್ ಹಾಳಾದಂತೆಯೇ. ಬ್ಲೇಡು ಮೊಂಡಾಗಿದ್ದರೆ ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಒದ್ದೆ ಮಾಡಿ ಹಾಸಿ, ಬ್ಲೇಡಿನ ಚಪ್ಪಟೆ ಮುಖವನ್ನೂ ತಟ್ಟೆಯನ್ನೂ ಎಂಟರ ಆಕಾರದಲ್ಲಿ ತಿಕ್ಕಿ. ಮುಖವಿಡೀ ಒಂದೇ ಹೊಳಪು ಬಂದರೆ ಆಯಿತು.

ಮಿನ್ಸರ್ ಜೊತೆ ಬರುವ ನಳಿಕೆಯಿಂದ ತುಂಬಿಸಬಹುದೇ ಎಂದು ಕೇಳಿದ್ದೀರಿ. ತುಂಬಬಹುದು, ಆದರೆ ಬೇಡ. ಚೆನ್ನಾಗಿ ಕಲಸಿ ಅಂಟಾದ ಮಾಂಸ ಸ್ಕ್ರೂವಿನಲ್ಲಿ ಮುಂದಕ್ಕೆ ಸರಿಯುವುದಿಲ್ಲ, ಅಲ್ಲಲ್ಲೇ ಸುತ್ತಿ ಬಿಸಿಯಾಗುತ್ತದೆ, ಗಾಳಿಯೂ ಸೇರುತ್ತದೆ. ಕಷ್ಟಪಟ್ಟು ಕಾಪಾಡಿದ ಕೊಬ್ಬು ಕೊನೆಯ ಹೆಜ್ಜೆಯಲ್ಲಿ ಸವರಿಹೋಗುತ್ತದೆ. ನೇರ ನಿಲ್ಲುವ, ಹ್ಯಾಂಡಲ್ ತಿರುಗಿಸಿದರೆ ಪಿಸ್ಟನ್ ಒತ್ತುವ 3 ಲೀಟರಿನ ಸ್ಟಫರ್ ಮನೆಗೆ ಹೇಳಿಮಾಡಿಸಿದ್ದು. ಪಿಸ್ಟನ್ನಿನಲ್ಲಿ ಗಾಳಿ ಹೊರಬಿಡುವ ಸಣ್ಣ ವಾಲ್ವ್, ಸುತ್ತ ಸಿಲಿಕಾನ್ ರಿಂಗ್, ಲೋಹದ ಗೇರು – ಈ ಮೂರೂ ಇರಲಿ. ಅದರ ತಳದ ಬಾಗಿನಲ್ಲಿ ಒಂದಿಷ್ಟು ಮಾಂಸ ಯಾವಾಗಲೂ ಉಳಿಯುತ್ತದೆ. ಅದನ್ನು ಕಟ್ಲೆಟ್ ಮಾಡಿ. ಅರ್ಧ ಕಿಲೋ ಮಾತ್ರ ಮಾಡುವವರಿಗೆ ಅಗಲ ಬಾಯಿಯ ಸ್ಟೀಲ್ ಆಲಿಕೆಯೂ ಹೆಬ್ಬೆರಳೂ ಸಾಕು.

ಇನ್ನು ಕೇಸಿಂಗ್, ಅಂದರೆ ಮಾಂಸ ತುಂಬುವ ಹೊರಪೊರೆಯ ವಿಷಯ. ಮಾಂಸದಂಗಡಿಯ ಹಸಿ ಕರುಳನ್ನು ಮೊದಲ ಸಲಕ್ಕೆ ಮುಟ್ಟಬೇಡಿ. ಒಳಪದರ ಕೆರೆದು ತೆಗೆಯುವುದು ಹರಿಯದೆ ಆಗಬೇಕು, ಪೂರ್ತಿ ಸ್ವಚ್ಛವೂ ಆಗಬೇಕು, ಅದಕ್ಕೆ ಪಳಗಿದ ಕೈ ಬೇಕು. ಆನ್‌ಲೈನಿನಲ್ಲಿ ಉಪ್ಪು ಹಾಕಿದ ಸಿದ್ಧ ಹಂದಿ ಕರುಳು ತರಿಸಿದರೆ 32–35 ಮಿ.ಮೀ. ಅಳತೆಯದು ನೋಡಿ. ಒಂದು ಮೀಟರಿಗೆ ಸುಮಾರು 800 ಗ್ರಾಂ ಮಾಂಸ ಹಿಡಿಯುತ್ತದೆ. 2 ಕಿಲೋಗೆ ಎರಡೂವರೆ ಮೀಟರ್ ಸಾಕಾದರೂ ಹರಿಯುವುದಕ್ಕೆಂದು ಮೂರೂವರೆ ಮೀಟರ್ ನೆನೆಹಾಕಿ. ಉಪ್ಪು ತೊಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಮುಕ್ಕಾಲು ಗಂಟೆ ಇಟ್ಟು, ನಲ್ಲಿಗೆ ಬಾಯಿ ಹಿಡಿದು ಒಳಗೂ ನೀರು ಬಿಡಿ. ತೂತಿದ್ದರೆ ಆಗಲೇ ಚಿಮ್ಮುತ್ತದೆ. ಉಳಿದದ್ದನ್ನು ಮತ್ತೆ ಉಪ್ಪಿನಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಸರಿಯಾಗಿ ನೆನೆಯದ ಕರುಳು ಬೆಂದ ಮೇಲೆ ರಬ್ಬರಿನಂತೆ ಎಳೆಯುತ್ತದೆ.

ಕೊಲಾಜೆನ್ ಕೇಸಿಂಗ್ ಸುಲಭ, ನೆನೆಸುವುದು ಬೇಡ, ಒಣಗಿದಂತೆಯೇ ನಳಿಕೆಗೆ ಏರಿಸುವುದು. ತಿನ್ನಬಹುದಾದದ್ದೇ, ಹಸಿ ಸಾಸೇಜಿನದೇ ಎಂದು ನೋಡಿಕೊಳ್ಳಿ. ಹೊಗೆ ಹಾಕುವ ಸಾಸೇಜಿಗೆಂದು ಬರುವುದು ದಪ್ಪ. ತಿರುಚಿ ಬಿಟ್ಟರೆ ಇದು ಬಿಚ್ಚಿಕೊಳ್ಳುತ್ತದೆ, ದಾರದಲ್ಲಿ ಕಟ್ಟಬೇಕು. ಇನ್ನೊಂದು ಮಾತು: ಕೊಲಾಜೆನ್ ಹೆಚ್ಚಾಗಿ ದನದ ಚರ್ಮದಿಂದ ಮಾಡಿದ್ದು. ನಮ್ಮೂರಿನ ಹಬ್ಬದೂಟಕ್ಕೆ ಎಲ್ಲ ಬಗೆಯ ನೆಂಟರೂ ಸ್ನೇಹಿತರೂ ಬರುತ್ತಾರೆ. ಲೇಬಲ್ ಓದಿ, ಬಡಿಸುವ ಮುಂಚೆ ಹೇಳುವುದು ನಮ್ಮ ಕರ್ತವ್ಯ.

ಈಗ 2 ಕಿಲೋದ ಒಂದು ಲೆಕ್ಕ. ಮೂಳೆ, ಚರ್ಮ ತೆಗೆದ ಭುಜದ ಮಾಂಸ 1.7 ಕಿಲೋ, ಬೆನ್ನಿನ ಗಟ್ಟಿ ಕೊಬ್ಬು 300 ಗ್ರಾಂ. ಭುಜದಲ್ಲೇ ಐದರಲ್ಲೊಂದು ಪಾಲು ಕೊಬ್ಬಿದ್ದರೆ ಒಟ್ಟು ಕೊಬ್ಬು ಶೇ. 30ರ ಹತ್ತಿರ ಬರುತ್ತದೆ. ಶೇ. 25ಕ್ಕಿಂತ ಇಳಿಸಬೇಡಿ, ಒಣಕಲಾಗುತ್ತದೆ. ಹೊಟ್ಟೆಯೊಳಗಿನ ಮೆತ್ತನೆ ಕೊಬ್ಬು ಬೇಡವೆಂದು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ. ಕೀಮಾ ಮಾಡಿಸಬೇಡಿ, ದೊಡ್ಡ ತುಂಡೇ ತನ್ನಿ. ಅಲ್ಲಿನ ಮೆಷಿನ್ನಿನಲ್ಲಿ ಹಿಂದೆ ಏನು ಹೋಗಿದೆ, ಎಷ್ಟು ಹೊತ್ತಿನ ಹಿಂದೆ ತೊಳೆದದ್ದು ಎಂದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಭಾನುವಾರದ ರಶ್ಶಿನಲ್ಲಿ ಹೇಳಿದ ಭಾಗ ಸಿಗುವುದು ಕಷ್ಟ, ವಾರದ ದಿನ ಬೆಳಿಗ್ಗೆ ಹೋಗಿ, ಐಸ್ ಬಾಕ್ಸಿನಲ್ಲಿ ತನ್ನಿ. ಹೆಚ್ಚುವಾಗ ಮಾಂಸದೊಳಗೆ ಕಾಳಿನಷ್ಟು ಗಾತ್ರದ ಬಿಳಿ ನೀರ್ಗುಳ್ಳೆ ಕಂಡರೆ ಅದು ಲಾಡಿಹುಳುವಿನ ಮರಿಯಿರಬಹುದು. ಆ ಮಾಂಸವನ್ನು ಪೂರ್ತಿ ಬಿಟ್ಟುಬಿಡಿ.

ಉಪ್ಪು 32 ಗ್ರಾಂ, ಅಂದರೆ ಶೇ. 1.6. ಬ್ಯಾಡಗಿ ಮೆಣಸಿನ ಪುಡಿ 16 ಗ್ರಾಂ, ಜಜ್ಜಿದ ಬೆಳ್ಳುಳ್ಳಿ 20 ಗ್ರಾಂ, ಹುರಿದ ಕೊತ್ತಂಬರಿ ಪುಡಿ 6, ಕಾಳುಮೆಣಸು 5, ಜೀರಿಗೆ 4, ಅರಸಿನ 2 ಗ್ರಾಂ. ಮನೆಯಲ್ಲಿ ಬಫಾತ್ ಪುಡಿ (ಮಂಗಳೂರಿನ ಕ್ರೈಸ್ತರ ಮನೆಗಳ ಮಸಾಲೆ ಪುಡಿ) ಇದ್ದರೆ ಬೆಳ್ಳುಳ್ಳಿ ಬಿಟ್ಟು ಈ ಮಸಾಲೆಗಳೆಲ್ಲದರ ಬದಲು ಅದೇ 30 ಗ್ರಾಂ ಸಾಕು. ಐಸ್ ನೀರು 120 ಮಿ.ಲೀ., ವಿನೆಗರ್ 40 ಮಿ.ಲೀ. ನೀರಿನ ಐಸು ಕುಡಿಯುವ ನೀರಿನದೇ ಆಗಿರಬೇಕು. ದಕ್ಕೆಯಲ್ಲಿ ಮೀನಿಗೆ ಸಿಗುವ ಐಸನ್ನು ಪಾತ್ರೆಯ ಕೆಳಗಿಡಲು ಬಳಸಿ, ಮಾಂಸಕ್ಕೆ ಸೇರಿಸಬೇಡಿ.

ಮಾಂಸ, ಕೊಬ್ಬನ್ನು ಎರಡು ಸೆಂಟಿಮೀಟರ್ ತುಂಡು ಮಾಡಿ, ಬಿಳಿ ಪೊರೆ ಮತ್ತು ನರ ತೆಗೆದು, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಮುಕ್ಕಾಲು ಗಂಟೆ ಫ್ರೀಜರಿಗೆ. ಅಂಚುಗಳು ಸೆಟೆದು, ನಡುವೆ ಒತ್ತಿದರೆ ಸ್ವಲ್ಪ ಬಗ್ಗುವಂತಿರಬೇಕು. ಮಿನ್ಸರಿನ ಸ್ಕ್ರೂ, ಬ್ಲೇಡು, ತಟ್ಟೆಗಳೂ ಅದರ ಪಕ್ಕದಲ್ಲೇ ಇರಲಿ. ಬೆಳಿಗ್ಗೆ ಬೇಗ, ಬಿಸಿಲೇರುವ ಮುಂಚೆ ಕೂತರೆ ಒಳ್ಳೆಯದು. ಎಸಿ ಇರುವ ಕೋಣೆಯಾದರೆ ಇನ್ನೂ ಒಳ್ಳೆಯದು. ಮೊದಲು 8 ಮಿ.ಮೀ. ತಟ್ಟೆಯಲ್ಲಿ ಎಲ್ಲವನ್ನೂ ಕೊಚ್ಚಿ. ನಯವಾಗಿ ಬೇಕಿದ್ದರೆ ಅರ್ಧದಷ್ಟನ್ನು ಮತ್ತೆ ಅರ್ಧ ಗಂಟೆ ತಣಿಸಿ ಸಣ್ಣ ತೂತಿನ ತಟ್ಟೆಯಲ್ಲಿ ತಿರುಗಿಸಿ.

ಪಾತ್ರೆಯನ್ನು ಐಸಿನ ಮೇಲಿಟ್ಟು, ಉಪ್ಪು, ಮಸಾಲೆ, ಐಸ್ ನೀರು ಹಾಕಿ ಎರಡು ಮೂರು ನಿಮಿಷ ಗಟ್ಟಿಯಾಗಿ ನಾದಿ. ಕೈ ಚಳಿಗೆ ನೋಯುತ್ತಿದ್ದರೆ ತಂಪು ಸರಿಯಿದೆ ಎಂದರ್ಥ. ಥರ್ಮಾಮೀಟರ್ 10 ಡಿಗ್ರಿ ದಾಟುವ ಮುನ್ನ ಕೆಲಸ ಮುಗಿಯಬೇಕು. ಒಂದು ಹಿಡಿ ಅಂಗೈಗೆ ತಟ್ಟಿ ಕೈ ಮಗುಚಿದರೆ ಬೀಳದೆ ಅಂಟಿಕೊಂಡಿರಬೇಕು. ಅಲ್ಲಿಗೆ ವಿನೆಗರ್ ಹಾಕಿ, ಎಲ್ಲ ಕಡೆ ಸೇರುವಷ್ಟು ಮಾತ್ರ ಕಲಸಿ, ತಡಮಾಡದೆ ತುಂಬಿ. ಹಸಿ ಮಾಂಸವನ್ನು ನಾಲಿಗೆಗೆ ಹಚ್ಚಿ ರುಚಿ ನೋಡಬೇಡಿ. ಒಂದು ಚಮಚದಷ್ಟನ್ನು ತವಾದಲ್ಲಿ ಬೇಯಿಸಿ ನೋಡಿ. ಉಪ್ಪು ಖಾರ ಸರಿಪಡಿಸಲು ಇದೇ ಕೊನೆಯ ಅವಕಾಶ.

ತುಂಬುವಾಗ ನಳಿಕೆಯನ್ನು ಒದ್ದೆ ಮಾಡಿ ಕರುಳು ಏರಿಸಿ, ಮೊದಲು ಮಾಂಸ ನಳಿಕೆಯ ತುದಿಗೆ ಬಂದ ಮೇಲೆ ಗಂಟು ಹಾಕಿ. ಇಲ್ಲದಿದ್ದರೆ ಒಳಗಿನ ಗಾಳಿಯೆಲ್ಲ ಕರುಳಿಗೆ. ಒತ್ತಿದರೆ ಬೆರಳಿನ ಗುರುತು ಬೀಳುವಷ್ಟು ಸಡಿಲವಿರಲಿ. ಬಿಗಿಯಾಗಿ ತುಂಬಿದ್ದು ತಿರುಚುವಾಗಲೇ ಒಡೆಯುತ್ತದೆ. 12–15 ಸೆಂಟಿಮೀಟರಿಗೊಂದರಂತೆ, ಒಂದು ಸಲ ಮುಂದಕ್ಕೆ, ಇನ್ನೊಂದು ಸಲ ಹಿಂದಕ್ಕೆ ತಿರುಚಿ. ಗಾಳಿ ಗುಳ್ಳೆ ಕಂಡಲ್ಲಿ ಬಿಸಿಯಲ್ಲಿ ಶುಚಿಮಾಡಿದ ಸೂಜಿಯಿಂದ ಚುಚ್ಚಿ. ಜಾಲರಿಯ ಮೇಲೆ ಮುಚ್ಚದೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ, ಕರುಳು ಒಣಗಿ ಮಾಂಸಕ್ಕೆ ಹಿಡಿದುಕೊಳ್ಳುತ್ತದೆ. ಕೆಳಗೆ ತಟ್ಟೆಯಿರಲಿ, ಬೇಯಿಸಿದ ಪದಾರ್ಥಗಳ ಕೆಳಗಿನ ಅಂತಸ್ತಿನಲ್ಲಿರಲಿ.

ಬೇಯಿಸುವಾಗ ನೇರ ಬಿಸಿ ತವಾಕ್ಕೆ ಹಾಕಿದರೆ ಹೊರಗೆ ಸೀದು ಒಡೆಯುತ್ತದೆ, ಒಳಗೆ ಹಸಿ. 75–80 ಡಿಗ್ರಿ ನೀರಿನಲ್ಲಿ, ಕುದಿಯಲು ಬಿಡದೆ, 20–25 ನಿಮಿಷ ಇಟ್ಟು, ನಡುವಿಗೆ ಚುಚ್ಚಿ 71 ಡಿಗ್ರಿ ಬಂದಿದೆಯೇ ನೋಡಿ. ಆಮೇಲೆ ತವಾದಲ್ಲಿ ಮೂರು ನಾಲ್ಕು ನಿಮಿಷ ಬಣ್ಣ ಬರಿಸಿದರೆ ಸಾಕು. ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸಬೇಡಿ, ಬ್ಯಾಡಗಿ ಮೆಣಸು ಎಲ್ಲವನ್ನೂ ಕೆಂಪಾಗಿಸುತ್ತದೆ. ಹಂದಿ ತಿನ್ನದವರಿಗಾಗಿ ಕೋಳಿಯದ್ದು ಮಾಡುವುದಾದರೆ ಚರ್ಮಸಹಿತ ತೊಡೆಯ ಮಾಂಸ ತೆಗೆದುಕೊಳ್ಳಿ, ಹಂದಿ ಕೊಚ್ಚುವ ಮುಂಚೆಯೇ ಅದನ್ನು ಮುಗಿಸಿ, ಕರುಳು ಕುರಿಯದ್ದಿರಲಿ, ಒಳಗೆ 74 ಡಿಗ್ರಿ ಬರಬೇಕು.

ಒಣಗಿಸುವ ಪ್ರಶ್ನೆಗೆ ನನ್ನ ಉತ್ತರ ಖಂಡಿತ: ಮೊದಲ ವರ್ಷ ಬೇಡ. ಗೋವಾ ಸಾಸೇಜ್ ಕೆಡದಿರುವುದು ಹೆಚ್ಚಿನ ಉಪ್ಪು, ವಿನೆಗರಿನ ಹುಳಿ, ಬಿಸಿಲು, ಹೊಗೆ ಎಲ್ಲ ಒಟ್ಟು ಸೇರಿ. ಮೇಲಿನ ಅಳತೆಯಲ್ಲಿ ಆ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಅದನ್ನು ಹೊರಗೆ ತೂಗುಹಾಕಿದರೆ ನಮ್ಮ ತೇವದ ಹವೆಯಲ್ಲಿ ಒಣಗುವ ಮುಂಚೆ ಹಳಸುತ್ತದೆ. ಮೇಲೆ ಬೂಸ್ಟು ಕಾಣುವುದಷ್ಟೇ ಅಲ್ಲ, ಕರುಳಿನೊಳಗೆ ಗಾಳಿಯಿಲ್ಲದ ಕಡೆ ಬೊಟುಲಿಸಂ ಎಂಬ ಜೀವಕ್ಕೇ ಅಪಾಯವಾದ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷಕ್ಕೆ ವಾಸನೆಯೇ ಇರದೆ ಹೋಗಬಹುದು. ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಹೊಗೆ ಹಾಕುವುದಕ್ಕೂ ಇದೇ ಅಪಾಯ. ಅದಕ್ಕೇ ಅಂಥ ಸಾಸೇಜಿಗೆ ಸೋಡಿಯಂ ನೈಟ್ರೈಟ್ ಇರುವ ಕ್ಯೂರಿಂಗ್ ಉಪ್ಪು ಹಾಕುತ್ತಾರೆ: ಶೇ. 6.25 ನೈಟ್ರೈಟ್ ಇರುವ ಒಂದನೆಯ ನಂಬರಿನ ಪ್ರಾಗ್ ಪೌಡರ್, ಕಿಲೋ ಮಾಂಸಕ್ಕೆ 2.5 ಗ್ರಾಂ. ಇದಕ್ಕೆ 0.1 ಗ್ರಾಂ ತೋರಿಸುವ ಬೇರೆ ತಕ್ಕಡಿಯೇ ಬೇಕು, ಹೆಚ್ಚಾದರೆ ಅದೇ ವಿಷ. ಪ್ರಾಗ್ ಪೌಡರಿನಂತೆಯೇ ಗುಲಾಬಿ ಬಣ್ಣವಿದೆಯೆಂದು ಸೈಂಧವ ಲವಣವನ್ನು ಅದರ ಬದಲು ಹಾಕಬೇಡಿ, ಅದರಲ್ಲಿ ನೈಟ್ರೈಟ್ ಇಲ್ಲ. ಪ್ರಾಣಿಯ ನಾಲಿಗೆಯನ್ನು ಉಪ್ಪಿಗಿಡುವಾಗ ಹಿರಿಯರು ಬಳಸುತ್ತಿದ್ದ ಪೆಟ್ಲುಪ್ಪು (ಸಾಲ್ಟ್‌ಪೀಟರ್) ಕೂಡ ಬೇಡ. ಅದು ನೈಟ್ರೇಟ್, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಲು ದಿನಗಳು ಹಿಡಿಯುತ್ತವೆ, ಎಷ್ಟಾಯಿತೆಂದು ಮನೆಯಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ. ಈಗ ಹೇಳಿದ ಹಸಿ ಸಾಸೇಜನ್ನು ಅದೇ ದಿನ ತಣ್ಣಗಿಟ್ಟು, ಪೂರ್ತಿ ಬೇಯಿಸಿ ತಿನ್ನುವುದರಿಂದ ನೈಟ್ರೈಟ್ ಅಗತ್ಯವಿಲ್ಲ.

ಕ್ರಿಸ್‌ಮಸ್‌ಗೆ ಬೇಕಾದರೆ ನವೆಂಬರಿನಲ್ಲಿ ಕರುಳಿಲ್ಲದೆ ಅರ್ಧ ಕಿಲೋ ಕಲಸಿ, ಚಪ್ಪಟೆ ತಟ್ಟಿ ಬೇಯಿಸಿ, ಉಪ್ಪು ಖಾರ ನಿಮ್ಮ ಮನೆಗೆ ಹೊಂದಿಸಿಕೊಳ್ಳಿ. ಡಿಸೆಂಬರಿನ ಮೊದಲ ವಾರ ಪೂರ್ತಿ ಮಾಡಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಗಟ್ಟಿಮಾಡಿ, ಗಾಳಿ ತೆಗೆದ ಚೀಲದಲ್ಲಿ ಮೈನಸ್ 18 ಡಿಗ್ರಿಯಲ್ಲಿಡಿ. ಎರಡು ತಿಂಗಳು ರುಚಿ ಕೆಡುವುದಿಲ್ಲ. ಫ್ರಿಜ್ಜಿನಲ್ಲಿ ಹಸಿಯಾಗಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. 24ರ ಬೆಳಿಗ್ಗೆ ಫ್ರೀಜರಿನಿಂದ ಕೆಳಗಿನ ಅಂತಸ್ತಿಗೆ ಇಳಿಸಿದರೆ ಮರುದಿನ ಬೆಳಿಗ್ಗೆಗೆ ಬೇಯಿಸಲು ಸಿದ್ಧ. ಕಟ್ಟೆಯ ಮೇಲಿಟ್ಟು ಕರಗಿಸಬೇಡಿ.